ಗಡಿಪಾರೂ ಜನಾಭಿಪ್ರಾಯವೂ

ಜನಾಭಿಪ್ರಾಯವೆಂಬುದು ಪ್ರಜಾಪ್ರಭುತ್ವದಲ್ಲಿ ದೊಡ್ಡ ಮಾತು. ಸರ್ಕಾರಗಳನ್ನು ಏರಿಸುವುದೂ ಇಳಿಸುವುದೂ ಅದರ ಕೈಯಲ್ಲಿದೆ, ಇರಬೇಕಾದುದೂ ಹಾಗೆಯೇ. ಆದರೆ ಒಬ್ಬ ಮನುಷ್ಯನು ಯಾವ ದೇಶದವನು, ಅವನನ್ನು ಎಲ್ಲಿಗೆ ಅಟ್ಟಬೇಕು ಎಂಬುದನ್ನು ಕಟ್ಟೆಯ ಮೇಲೆ ಕುಳಿತವರು ಕೈಯೆತ್ತಿ ತೀರ್ಮಾನಿಸಬಹುದೆ? ಬಹುದೆಂದು ನಮ್ಮ ಸೀಮೆಯ ಸದ್ಭಕ್ತರಲ್ಲಿ ಅನೇಕರು ಇತ್ತೀಚೆಗೆ ನಂಬಿದಂತೆ ತೋರುತ್ತದೆ. ಆ ನಂಬಿಕೆ ತಪ್ಪೆಂದು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ. ಇದು ಕೆಲವರಿಗೆ ರುಚಿಸಲಾರದು. ರುಚಿಸದವರೂ ಕೊನೆಯವರೆಗೆ ಓದುವ ಸಹನೆಯನ್ನು ತೋರಬೇಕೆಂದು ಕೇಳಿಕೊಳ್ಳುತ್ತೇವೆ.

ಸಂಗತಿ ಇಷ್ಟು. ಜಕ್ಕಲಿಯಲ್ಲಿ ನಡೆದಿರುವ ಒಂದು ಕಟ್ಟಡದ ಕೆಲಸಕ್ಕೆ ನೆಲಕ್ಕೆ ಟೈಲ್ಸ್ ಕೂಡಿಸುವ ಏಳೆಂಟು ಜನ ಕೂಲಿಕಾರರನ್ನು ಗುತ್ತಿಗೆದಾರನೊಬ್ಬನು ಕರೆತಂದಿದ್ದನು. ಅವರು ತಮ್ಮೊಳಗೆ ಆಡುತ್ತಿದ್ದುದು ಬಂಗಾಲಿ ಭಾಷೆ. ಅಷ್ಟು ಸಾಕಾಯಿತು. ಅವರು ಬಾಂಗ್ಲಾದೇಶದಿಂದ ನುಸುಳಿ ಬಂದವರೆಂಬ ಸುದ್ದಿ ಮೂರು ದಿನಗಳಲ್ಲಿ ನರೇಗಲ್ಲ, ಅಬ್ಬಿಗೇರಿಗಳನ್ನು ಮುಟ್ಟಿ ಹಿಂದಿರುಗಿತು. ಹಿಂದಿರುಗುವಾಗ ಏಳೆಂಟು ಜನ ಎಪ್ಪತ್ತು ಜನರಾಗಿದ್ದರು. ನಾಲ್ಕನೆಯ ದಿನ ಕೆಲವು ತರುಣರು ಒಂದು ಮನವಿಪತ್ರವನ್ನು ಹಿಡಿದು ಶ್ರೀಮಠಕ್ಕೆ ಬಂದರು. ಇಪ್ಪತ್ತನಾಲ್ಕು ತಾಸುಗಳೊಳಗಾಗಿ ಎಲ್ಲ ನುಸುಳುಕೋರರನ್ನೂ ಈ ಭಾಗದಿಂದ ಹೊರಹಾಕಬೇಕು, ಇದು ಇಲ್ಲಿಯ ಸಮಸ್ತ ಜನತೆಯ ಅಭಿಪ್ರಾಯ ಎಂದು ಅದರಲ್ಲಿ ಬರೆದಿತ್ತು. ಮೊದಲನೆಯ ಸಹಿ ನಮ್ಮದಾಗಬೇಕೆಂದು ಅವರ ಅಪೇಕ್ಷೆ. ನಾವು ಸಹಿ ಮಾಡಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಆ ಕೂಲಿಕಾರರು ಊರು ಬಿಟ್ಟಿದ್ದರು. ಅವರ ಹದಿನೈದು ದಿನಗಳ ಕೂಲಿ ಗುತ್ತಿಗೆದಾರನ ಹತ್ತಿರವೇ ಉಳಿಯಿತು.

ಅವರು ಬಾಂಗ್ಲಾದೇಶದವರೋ ನಮ್ಮದೇ ದೇಶದ ಮುರ್ಶಿದಾಬಾದಿನವರೋ ನಮಗೆ ತಿಳಿಯದು. ಮನವಿಯನ್ನು ತಂದ ತರುಣರಿಗೂ ತಿಳಿಯದು. ಬಂಗಾಲಿಯನ್ನು ಮಾತೃಭಾಷೆಯಾಗಿ ಆಡುವ ಭಾರತೀಯರು 2011ರ ಜನಗಣತಿಯ ಪ್ರಕಾರ ಒಂಬತ್ತು ಕೋಟಿಗೂ ಹೆಚ್ಚು. ಕನ್ನಡಿಗರಿಗಿಂತ ಎರಡು ಪಟ್ಟು. ನಾಲಗೆಯನ್ನು ನೋಡಿ ದೇಶವನ್ನು ಹೇಳುವ ವಿದ್ಯೆ ನಮ್ಮ ತರುಣರಿಗೆ ಯಾವ ಶಾಲೆಯಲ್ಲಿ ದೊರೆಯಿತೋ ಕಾಣೆವು. ನಮ್ಮ ಶಾಲೆಯಲ್ಲಂತೂ ಕಲಿಸಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಕಾನೂನಿನ ವಿರೋಧಿಗಳಲ್ಲ. ಯಾವ ಸಾರ್ವಭೌಮ ರಾಷ್ಟ್ರವೂ ತನ್ನ ಅಪ್ಪಣೆಯಿಲ್ಲದೆ ಒಳಬಂದವನನ್ನು ವಿಚಾರಿಸಿ ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು ಹೊಂದಿದೆ. ಅಸ್ಸಾಮಿನ ಜನರ ಆತಂಕ ಕೃತಕವಾದುದಾಗಿರಲಿಲ್ಲ. ಆರು ವರ್ಷಗಳ ಚಳವಳಿಯ ನಂತರವೇ 1985ರ ಆಗಸ್ಟ್ 15ರ ಒಪ್ಪಂದವಾಯಿತು. 1983ರಲ್ಲಿ ಅಲ್ಲಿಗೆಂದು ಮಾಡಿದ ಕಾನೂನು ವಿದೇಶೀಯನೆಂದು ರುಜುವಾತು ಮಾಡುವ ಹೊಣೆಯನ್ನು ಆಪಾದಿಸಿದವರ ಮೇಲೆಯೇ ಹೊರಿಸಿದ್ದಿತು. ಅದರಿಂದ ನುಸುಳುವವರಿಗೆ ಅನುಕೂಲವಾಗುತ್ತಿದೆಯೆಂದು ಸುಪ್ರೀಂ ಕೋರ್ಟು 2005ರ ಜುಲೈಯಲ್ಲಿ ಅದನ್ನು ರದ್ದುಪಡಿಸಿತು. ಯಾರನ್ನೂ ಎಂದಿಗೂ ಕಳುಹಿಸಲೇಬಾರದು, ಗಡಿಯೆಂಬುದೇ ಸುಳ್ಳು ಎನ್ನುವ ಪಟ್ಟಣದ ಪಂಡಿತರ ವಾದವೂ ನಮಗೆ ಒಪ್ಪಿಗೆಯಿಲ್ಲ. ಗಡಿಯ ಊರಿನಲ್ಲಿ ಒಂದು ವರ್ಷ ಬಾಳಿದವರು ಹಾಗೆ ಮಾತನಾಡಲಾರರು. ನಮ್ಮ ತಕರಾರು ಬೇರೆ. ವಿಚಾರಣೆಗೆ ಮೊದಲೇ ತೀರ್ಪು ಕೊಡುವ, ಬಡವನ ಗುಡಿಸಲಿಗೆ ಮಾತ್ರ ಕೈಹಚ್ಚುವ, ನಮ್ಮವರಿಗೊಂದು ಹೊರಗಿನವರಿಗೊಂದು ಅಳತೆಗೋಲನ್ನು ಇಟ್ಟುಕೊಂಡಿರುವ ಜನಾಭಿಪ್ರಾಯದೊಡನೆ ನಮ್ಮ ಜಗಳ.

ಅಳತೆಗೋಲಿನ ಮಾತನ್ನೇ ಮೊದಲು ನೋಡೋಣ. 2025ರ ಫೆಬ್ರವರಿ 5ರಂದು ಅಮೇರಿಕೆಯ ಸೈನ್ಯದ ವಿಮಾನವೊಂದು 104 ಜನ ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಪಂಜಾಬ, ಹರಿಯಾಣ, ಗುಜರಾತಗಳವರೇ ಹೆಚ್ಚು. ಹೊಲಮನೆಗಳನ್ನು ಮಾರಿ, ಮೂವತ್ತು ನಲವತ್ತು ಲಕ್ಷ ರೂಪಾಯಿಗಳನ್ನು ದಲ್ಲಾಳಿಗಳ ಕೈಗೆ ಸುರಿದು, ದಕ್ಷಿಣ ಅಮೇರಿಕೆಯ ಕಾಡುಗಳನ್ನು ನಡೆದು ದಾಟಿ, ಕದ್ದು ಒಳಹೊಕ್ಕವರು ಅವರಲ್ಲಿ ಅನೇಕರು. ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿದ್ದರೆಂದು ಇಳಿದವರು ಹೇಳಿದರು. ಆ ಚಿತ್ರಗಳನ್ನು ನೋಡಿ ದೇಶವೆಲ್ಲ ಕುದಿಯಿತು, ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಅದೇ ವಾರ ಶ್ರೀಮಠಕ್ಕೆ ಬಂದ ಭಕ್ತರೊಬ್ಬರು ಇವರೇನು ಕಳ್ಳರೇ, ಕೊಲೆಗಡುಕರೇ, ದುಡಿಯಲಿಕ್ಕೆ ಹೋದವರಿಗೆ ಸರಪಳಿಯೇ ಎಂದು ಕಣ್ಣೀರು ತಂದುಕೊಂಡರು. ಅವರ ಕಣ್ಣೀರು ನಿಜವಾದುದು. ಇಪ್ಪತ್ತನಾಲ್ಕು ತಾಸುಗಳ ಮನವಿಪತ್ರದಲ್ಲಿ ಮೂರನೆಯ ಸಹಿ ಕೂಡ ಅವರದೇ. ಕದ್ದು ಗಡಿ ದಾಟಿದ ಪಂಜಾಬಿಯು ದುಡಿಯಲಿಕ್ಕೆ ಹೋದವನು, ಕದ್ದು ಗಡಿ ದಾಟಿದ ಬಂಗಾಲಿಯು ದೇಶದ್ರೋಹಿ ಎಂಬ ಈ ತರ್ಕವನ್ನು ನಾವು ಕಾಶಿಯಲ್ಲಿಯೂ ಓದಲಿಲ್ಲ, ಧಾರವಾಡದ ವಿಶ್ವವಿದ್ಯಾಲಯದಲ್ಲಿಯೂ ಓದಲಿಲ್ಲ.

ಅಮೇರಿಕೆಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ಈ ಮಾಸಿಕವನ್ನು ಓದುತ್ತಾರೆ. ಅವರಲ್ಲಿ ಕೆಲವರು ತಾವು ಸಾಲಿನಲ್ಲಿ ನಿಂತು, ಶುಲ್ಕ ತೆತ್ತು, ವರ್ಷಗಟ್ಟಲೆ ಕಾದು ಬಂದವರೆಂದೂ, ಕಳ್ಳದಾರಿಯಿಂದ ಬಂದವರ ಬಗ್ಗೆ ತಮಗೆ ಮರುಕವಿಲ್ಲವೆಂದೂ ಬರೆದಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ ಅವರು ತಮ್ಮ ಸುತ್ತಲಿನ ಜನಾಭಿಪ್ರಾಯದ ಚಾಂಚಲ್ಯವನ್ನೂ ಗಮನಿಸಬೇಕು. ಗ್ಯಾಲಪ್ ಸಂಸ್ಥೆಯು 2024ರಲ್ಲಿ ಕೇಳಿದಾಗ ವಲಸೆ ಕಡಿಮೆಯಾಗಬೇಕೆಂದವರು ನೂರಕ್ಕೆ 55 ಜನ. 2025ರ ಜೂನಿನಲ್ಲಿ ಕೇಳಿದಾಗ 30 ಜನ. ಅಕ್ರಮವಾಗಿರುವ ಎಲ್ಲರನ್ನೂ ಹೊರಹಾಕಬೇಕೆಂದವರು 47ರಿಂದ 38ಕ್ಕೆ ಇಳಿದಿದ್ದರು. ಒಂದೇ ವರ್ಷದ ಅಂತರ! ಪ್ಯೂ ಸಂಸ್ಥೆಯು 2025ರ ಆರಂಭದಲ್ಲಿ ಇನ್ನೂ ಬಿಡಿಸಿ ಕೇಳಿತು. ಎಲ್ಲರನ್ನೂ ಕಳುಹಿಸಿರೆಂದವರು 32 ಜನ, ಕೆಲವರನ್ನು ಮಾತ್ರ ಎಂದವರು 51, ಯಾರನ್ನೂ ಬೇಡವೆಂದವರು 16. ಆ ಕೆಲವರು ಯಾರು ಎಂದು ಕೇಳಿದರೆ ಹಿಂಸಾಕೃತ್ಯಗಳನ್ನು ಎಸಗಿದವರೆಂದು ಹೆಚ್ಚುಕಡಿಮೆ ಎಲ್ಲರೂ ಹೇಳಿದರು. ನೌಕರಿ ಮಾಡಿಕೊಂಡಿರುವವನು, ಎಳೆಯ ಮಗುವಾಗಿ ಬಂದವನು ಎಂದಾಗ ಕೈಯೆತ್ತುವವರು ತೀರ ವಿರಳವಾದರು. ಅಂದರೆ ಹೊರದೂಡಿರೆಂಬ ಕೂಗು ದೂರದಿಂದ ಒಂದು, ಹತ್ತಿರ ಹೋದರೆ ಇನ್ನೊಂದು. ಮನುಷ್ಯನ ಮುಖ ಕಾಣದಿರುವಾಗ ಕೊಟ್ಟ ಅಭಿಪ್ರಾಯವನ್ನು ಮುಖ ಕಂಡಾಗ ಹಿಂದೆಗೆದುಕೊಳ್ಳುವುದು ಜನಸಾಮಾನ್ಯರ ಸದ್ಗುಣವೆಂದೇ ನಮ್ಮ ಎಣಿಕೆ. ಆದರೆ ಅಷ್ಟರೊಳಗೆ ವಿಮಾನ ಹೊರಟುಹೋಗಿದ್ದರೆ ಏನು ಮಾಡುವುದು?

ಇನ್ನು ನಮ್ಮ ಮನೆಗೆ ಬರೋಣ. ಜಕ್ಕಲಿಯ ಜನ ಗಡಿಯ ಬಗ್ಗೆ ಮಾತನಾಡುವಾಗ ತಮ್ಮ ಊರಿನ ಚರಿತ್ರೆಯನ್ನು ಮರೆಯಬಾರದು. 1947ರ ಆಗಸ್ಟ್ 15ರಂದು ರೋಣ ತಾಲೂಕು ಸ್ವತಂತ್ರ ಭಾರತದ ಮುಂಬಯಿ ಪ್ರಾಂತದಲ್ಲಿದ್ದಿತು. ಕೆಲವು ಹರದಾರಿಗಳಾಚೆ ಯಲಬುರ್ಗಾ, ಕುಷ್ಟಗಿ, ಕೊಪ್ಪಳಗಳು ನಿಜಾಮನ ರಾಜ್ಯ. ನಿಜಾಮನು ಭಾರತವನ್ನು ಸೇರಲಿಲ್ಲವಾದ್ದರಿಂದ ಮುಂದಿನ ಹದಿಮೂರು ತಿಂಗಳು ನಮ್ಮ ಮೂಡಣ ದಿಕ್ಕಿನಲ್ಲಿದ್ದುದು ಪರರಾಜ್ಯವೇ. ಖಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹೆದರಿ ಆ ಕಡೆಯ ಜನ ಎತ್ತಿನ ಬಂಡಿಗಳಲ್ಲಿ, ಕಾಲ್ನಡೆಯಲ್ಲಿ, ಮಕ್ಕಳುಮರಿ ಕಟ್ಟಿಕೊಂಡು ಈ ಕಡೆಗೆ ಬಂದರು. ಗಜೇಂದ್ರಗಡದಲ್ಲಿ, ಮುಂಡರಗಿಯಲ್ಲಿ ಹೋರಾಟದ ಶಿಬಿರಗಳು ನಡೆದವು. ಮುಂಡರಗಿಯ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಬಂದವರಲ್ಲಿ ಯಾರ ಬಳಿ ಯಾವ ಸರ್ಕಾರದ ಪರವಾನಿಗೆ ಇದ್ದಿತು? ಯಾರು ಕೇಳಿದರು? ದನದ ಕೊಟ್ಟಿಗೆಯನ್ನು ತೆರವು ಮಾಡಿ ಸಂಸಾರಗಳನ್ನು ಇಳಿಸಿಕೊಂಡ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಆ ಮನೆಗಳ ಮೊಮ್ಮಕ್ಕಳಲ್ಲಿ ಕೆಲವರ ಸಹಿಗಳು ಈ ಮನವಿಯಲ್ಲಿವೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಭಯದ ದಿಕ್ಕು ಬದಲಾಗಿ, ಏನೂ ಅರಿಯದ ಬೇರೆ ಜನ ಬೇರೆ ಕಡೆಗೆ ಓಡಬೇಕಾಯಿತೆಂಬುದನ್ನೂ ಹೇಳದೆ ಬಿಟ್ಟರೆ ಸತ್ಯಕ್ಕೆ ಅಪಚಾರವಾದೀತು.

ಇದೇ ಜಕ್ಕಲಿ ಅಂದಾನಪ್ಪ ದೊಡ್ಡಮೇಟಿಯವರ ಊರು. ಕನ್ನಡಿಗರನ್ನು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿದ್ದ ಗೆರೆಗಳನ್ನು ಅಳಿಸಲು ಆಯುಷ್ಯ ಸವೆಸಿದವರು ಅವರು. ಭುವನೇಶ್ವರಿಯ ಚಿತ್ರವನ್ನು ಬರೆಸಿದ ಆ ಮನೆತನದ ಊರಿನಲ್ಲಿ, ಮಾತು ಬೇರೆಯೆಂಬ ಒಂದೇ ಕಾರಣಕ್ಕೆ ಕೂಲಿಕಾರನನ್ನು ರಾತ್ರೋರಾತ್ರಿ ಓಡಿಸಿದರೆಂಬುದು ಶೋಭಿಸುವ ವಾರ್ತೆಯಲ್ಲ.

ಆಶ್ರಯ ಕೊಟ್ಟ ನಾಡು ಇದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ನೀವು ಹುಬ್ಬಳ್ಳಿಯಲ್ಲಿ ಯಾರ ಬಳಿ ಉಣ್ಣೆಯ ಸ್ವೆಟರುಗಳನ್ನು ಕೊಳ್ಳುತ್ತೀರೋ ಆ ಟಿಬೆಟನ್ನರ ಹಿರಿಯರು ಹಿಮಾಲಯವನ್ನು ದಾಟಿ ಬಂದವರು. ಮುಂಡಗೋಡದಲ್ಲಿ ಅವರ ವಸಾಹತು 1966ರಲ್ಲಿ ಆರಂಭವಾಯಿತು. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳವರು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳು. ಅವರಲ್ಲಿ ಕೆಲವರಿಗೆ ಪೌರತ್ವದ ಕಾಗದ ದಶಕಗಳ ಕಾಲ ದೊರೆಯಲೇ ಇಲ್ಲ. 2024ರಲ್ಲಿ ಹೊಸ ಕಾನೂನಿನ ಮೇರೆಗೆ ಐವರಿಗೆ ದೊರೆಯಿತು. ಒಂದೇ ನದಿಯನ್ನು ದಾಟಿದ ಇಬ್ಬರಲ್ಲಿ ಒಬ್ಬನು ನಿರಾಶ್ರಿತ, ಇನ್ನೊಬ್ಬನು ನುಸುಳುಕೋರ ಎಂಬ ಭೇದವನ್ನು ಪಾರ್ಲಿಮೆಂಟು ಮಾಡಿದೆ. ಅದರ ಸರಿತಪ್ಪುಗಳನ್ನು ಇಲ್ಲಿ ಚರ್ಚಿಸಹೊರಟರೆ ಲೇಖನ ಮುಗಿಯದು. ಆದರೆ ಬಂಗಾಲಿ ಆಡುವವರೆಲ್ಲ ನುಸುಳುಕೋರರೆಂದರೆ ಸಿಂಧನೂರಿನವರನ್ನು ಎಲ್ಲಿ ಇಡುತ್ತೀರಿ? ಇತ್ತ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ಹಾಲು ಇಳಿಸುವ ತಮಿಳರಲ್ಲಿ ಹಲವರು 1964ರ ಭಾರತ-ಸಿಂಹಳ ಒಪ್ಪಂದದಿಂದಾಗಿ ಮರಳಿ ಬಂದ ಕುಟುಂಬಗಳವರು. ತಲೆಮಾರುಗಳ ಕಾಲ ಅಲ್ಲಿಯ ಚಹಾ ತೋಟಗಳಲ್ಲಿ ಬೆವರು ಸುರಿಸಿದವರಲ್ಲಿ 5,25,000 ಜನರನ್ನು ಭಾರತ ಹಿಂದಕ್ಕೆ ಕರೆದುಕೊಳ್ಳಬೇಕೆಂದು ಎರಡು ಸರ್ಕಾರಗಳು ಮೇಜಿನ ಮೇಲೆ ಲೆಕ್ಕ ಹಾಕಿದವು. ಅಲ್ಲಿಯೂ ಬಹುಜನರ ಅಭಿಪ್ರಾಯ ಅದೇ ಆಗಿದ್ದಿತು.

ಶರಣರ ಹೆಸರನ್ನು ಎಲ್ಲದಕ್ಕೂ ಎಳೆದು ತರುವುದು ನಮಗೆ ಇಷ್ಟವಿಲ್ಲ. ಆದರೂ ಒಂದನ್ನು ನೆನಪಿಸದಿರಲಾರೆವು. ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ಬದುಕಿದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯ ದಂಪತಿಗಳನ್ನು, ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನವರನ್ನು ನಾವು ಪ್ರತಿವರ್ಷ ಪುರಾಣದಲ್ಲಿ ಕೊಂಡಾಡುತ್ತೇವೆ. ಪುರಾಣದ ಮಂಗಲದ ದಿನ ಚಪ್ಪಾಳೆ ತಟ್ಟಿ ಮರುದಿನ ಮನವಿಪತ್ರ ಬರೆಯುವುದಾದರೆ ಪುರಾಣ ಹೇಳಿಸುವ ಖರ್ಚನ್ನಾದರೂ ಉಳಿಸಬಹುದು.

ಈಗ ನಮ್ಮವರೇ ಹೊರಗಿನವರಾದ ಕಥೆಯನ್ನು ಕೇಳಿರಿ. ನಮ್ಮದು ಗುಳೆಯ ಸೀಮೆ. ಮಳೆ ಕೈಕೊಟ್ಟ ವರ್ಷ ರೋಣ, ಗಜೇಂದ್ರಗಡದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳೊಡನೆ ಮಂಗಳೂರಿನ, ಗೋವೆಯ ಗಾಡಿಗಳಿಗೆ ಕಾಯುವವರನ್ನು ಯಾರು ನೋಡಿಲ್ಲ? ಗೋವೆಯಲ್ಲಿ ನಮ್ಮವರನ್ನು ಘಾಟಿಗಳೆಂದು ಹೀಯಾಳಿಸುತ್ತಾರೆ. 2004ರ ಜೂನ್ ತಿಂಗಳಲ್ಲಿ, ಮುಂಗಾರು ಹೊಡೆಯುವ ದಿನಗಳಲ್ಲಿ, ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಸರ್ಕಾರ ಕೆಡವಿತು. ಮಳೆಗೆ ಮೈಯೊಡ್ಡಿ ನಿಂತವರಲ್ಲಿ ಕನ್ನಡಿಗರು ಬಹಳ. ಅಲ್ಲಿಯ ಜನಾಭಿಪ್ರಾಯ ಅದಕ್ಕೆ ಚಪ್ಪಾಳೆ ತಟ್ಟಿತು. ಆಗ ನಮ್ಮ ಪತ್ರಿಕೆಗಳು ಅಮಾನುಷವೆಂದು ಬರೆದವು. ಸರಿಯಾಗಿಯೇ ಬರೆದವು.

ಅದು ಪರರಾಜ್ಯವೆನ್ನಬಹುದು. ನಮ್ಮ ರಾಜಧಾನಿಯಲ್ಲಿಯೇ ಆದುದನ್ನು ಏನೆನ್ನುವಿರಿ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಜೋಪಡಿಗಳಲ್ಲಿ ಬಾಂಗ್ಲಾದೇಶದವರು ಅಡಗಿದ್ದಾರೆಂಬ ಒಂದು ಚಿತ್ರಸುರುಳಿ ಮನೆಮನೆಗಳ ಮೊಬೈಲುಗಳಲ್ಲಿ ಓಡಾಡಿತು. ವಾರ ಕಳೆಯುವುದರೊಳಗೆ ಯಂತ್ರಗಳು ಬಂದು ನೂರಾರು ಜೋಪಡಿಗಳನ್ನು ನೆಲಸಮ ಮಾಡಿದವು. ಮುರಿದ ತಗಡುಗಳ ನಡುವೆ ನಿಂತ ಜನ ಆಧಾರ್ ಚೀಟಿ, ಮತದಾರರ ಗುರುತುಪತ್ರಗಳನ್ನು ಎತ್ತಿ ಹಿಡಿದು ತೋರಿಸಿದರು. ಅಸ್ಸಾಮಿನವರು, ತ್ರಿಪುರದವರು ಇದ್ದರು. ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಗುಳೆ ಹೋದವರೂ ಇದ್ದರು. ಕನ್ನಡನಾಡಿನ ರಾಜಧಾನಿಯಲ್ಲಿ ಕನ್ನಡ ಮಾತನಾಡುವವನು ತಾನು ಬಾಂಗ್ಲಾದೇಶದವನಲ್ಲವೆಂದು ಕಾಗದ ತೋರಿಸಬೇಕಾಯಿತು, ಅದೂ ಗುಡಿಸಲು ಬಿದ್ದ ಮೇಲೆ! ವಿಷಯ ರಾಜ್ಯದ ಹೈಕೋರ್ಟಿಗೆ ಹೋಗಿ, ಅಲ್ಲಿ ನಡೆದುದು ಕಾನೂನುಬಾಹಿರವೆಂದು ನ್ಯಾಯಾಲಯ ಫೆಬ್ರವರಿಯಲ್ಲಿ ಹೇಳಿತು; ನೆಲೆ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಮಾಡಬೇಕೆಂದಿತು. ಚಿತ್ರಸುರುಳಿಯನ್ನು ನೋಡಿ ಹಾಗೇ ಆಗಬೇಕೆಂದವರಲ್ಲಿ ನ್ಯಾಯಾಲಯದ ಮಾತನ್ನು ಓದಿದವರೆಷ್ಟು ಜನ?

ಕಾಗದ ತೋರಿಸಿದರೆ ಮುಗಿಯಿತಲ್ಲ, ಹೆದರುವುದೇಕೆ ಎಂದು ಮನವಿ ತಂದ ತರುಣರಲ್ಲೊಬ್ಬನು ಕೇಳಿದನು. ಅವನು ಶ್ರೀಮಠದ ಪ್ರಸಾದ ನಿಲಯದಲ್ಲಿಯೇ ಓದಿದವನು. ಅವನ ಜನ್ಮದಿನಾಂಕ ಜೂನ್ 1. ಅವನ ಜೊತೆಗಿದ್ದ ಇಬ್ಬರದೂ ಜೂನ್ 1. ನಿಲಯದ ಹಳೆಯ ರಿಜಿಸ್ಟರನ್ನು ತೆರೆದು ನೋಡಿದರೆ ಅರ್ಧ ಸೀಮೆಯ ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ. ಶಾಲೆಗೆ ಹೆಸರು ಹಚ್ಚುವ ದಿನ ಹೆಡ್‌ಮಾಸ್ತರರು ಬರೆದುಕೊಂಡದ್ದು ಅದು. ತಂದೆಯ ಹೆಸರು ಹೊಲದ ಉತಾರದಲ್ಲಿ ಸಂಗಪ್ಪ, ಮತದಾರರ ಪಟ್ಟಿಯಲ್ಲಿ ಸಂಗನಬಸಪ್ಪ, ರೇಶನ್ ಕಾರ್ಡಿನಲ್ಲಿ ಸಂಗಣ್ಣ. ವಿದೇಶೀಯರನ್ನು ಕುರಿತ 1946ರ ಕಾನೂನಿನಲ್ಲಿ ತಾನು ವಿದೇಶೀಯನಲ್ಲವೆಂದು ಸಿದ್ಧಪಡಿಸುವ ಹೊಣೆ ಆಪಾದಿತನದೇ ಆಗಿದ್ದಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಹಾಗೆಯೇ ಇದೆ. ಈ ಮೂರು ಹೆಸರುಗಳನ್ನೂ ಒಂದು ಜೂನ್ 1ನ್ನೂ ಹಿಡಿದುಕೊಂಡು ನೀನು ಅಪರಿಚಿತ ಭಾಷೆಯ ಅಧಿಕಾರಿಯೊಬ್ಬನ ಮುಂದೆ ನಿಂತರೆ ಏನಾದೀತೆಂದು ಕೇಳಿದೆವು. ಅವನು ಸುಮ್ಮನಾದನು.

ಇದು ಬರಿಯ ಕಲ್ಪನೆಯಲ್ಲ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಹೊರಬಂದ ಪೌರರ ಪಟ್ಟಿಯಿಂದ ಬಿಟ್ಟುಹೋದವರು 19,06,657 ಜನ. ಅದೇ ವರ್ಷ ಅಲ್ಲಿ ಮೂವತ್ತು ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತನಾದವನೊಬ್ಬನನ್ನು ವಿದೇಶೀಯನೆಂದು ಬಂಧನಶಿಬಿರಕ್ಕೆ ಹಾಕಿ, ಅನಂತರ ಜಾಮೀನಿನ ಮೇಲೆ ಬಿಡಬೇಕಾಯಿತು. 2025ರ ಜೂನಿನಲ್ಲಿ ದಿಲ್ಲಿಯಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಲದ ಕೆಲವರನ್ನು ಹಿಡಿದು ಬಾಂಗ್ಲಾದೇಶದೊಳಕ್ಕೆ ದೂಡಲಾಯಿತು, ಅವರಲ್ಲೊಬ್ಬಳು ಗರ್ಭಿಣಿ. ಅವರನ್ನು ಮರಳಿ ಕರೆತರಬೇಕೆಂದು ಕಲ್ಕತ್ತೆಯ ಹೈಕೋರ್ಟು ಸೆಪ್ಟೆಂಬರಿನಲ್ಲಿ ಆಜ್ಞೆ ಮಾಡಿತು. ಆಕೆ ಹಿಂದಿರುಗಿ ಬಂದುದು ಡಿಸೆಂಬರಿನಲ್ಲಿ. ಆ ನಡುವಿನ ತಿಂಗಳುಗಳನ್ನು ಆಕೆ ಪರದೇಶದಲ್ಲಿ, ಸೆರೆಮನೆಯಲ್ಲಿಯೂ ಕಳೆದಳು. ಅವಸರದ ಗಡಿಪಾರು ಎಂದರೆ ಇದು.

ನಿಜವಾಗಿ ವಿದೇಶೀಯನಾದವನನ್ನು ಕಳುಹಿಸುವುದಕ್ಕೂ ಅವಸರ ಒದಗುವುದಿಲ್ಲ. ಅವನು ತಮ್ಮವನೆಂದು ಆ ದೇಶ ಒಪ್ಪಬೇಕು, ಪ್ರಯಾಣದ ಕಾಗದ ಕೊಡಬೇಕು. ಅಲ್ಲಿಯವರೆಗೆ ಇಡಲೆಂದೇ ನಮ್ಮ ಸರ್ಕಾರ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಒಂದು ಕೇಂದ್ರವನ್ನು ಮಾಡಿದೆ. ಹಿಂದೆ ಅದು ವಿದ್ಯಾರ್ಥಿ ನಿಲಯವಾಗಿದ್ದ ಕಟ್ಟಡ. ಇಪ್ಪತ್ತನಾಲ್ಕು ತಾಸುಗಳಲ್ಲಿ ಮಾಡಬಹುದಾದ ಕೆಲಸ ಒಂದೇ. ಜಕ್ಕಲಿಯಿಂದ ಓಡಿಸಿ ಇನ್ನೊಂದು ಊರಿಗೆ ಕಳುಹಿಸುವುದು. ಅದೇ ಆಯಿತು. ಅವರು ನುಸುಳುಕೋರರೇ ಆಗಿದ್ದರೆ, ಈಗ ಎಲ್ಲಿದ್ದಾರೆಂಬುದು ಪೊಲೀಸರಿಗೂ ತಿಳಿಯದಂತೆ ಮಾಡಿದ ಕೀರ್ತಿ ಮನವಿದಾರರದು.

ಕೂಲಿ ಇಳಿಯುತ್ತದೆ, ನಮ್ಮ ಹುಡುಗರ ಅನ್ನಕ್ಕೆ ಕುತ್ತು ಬರುತ್ತದೆ ಎಂಬುದೇ ಇವರ ವಾದದಲ್ಲಿ ಗಟ್ಟಿಯಾದುದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕೂಲಿಯನ್ನು ಇಳಿಸುವವನು ಯಾರು? ದೂರು ಹೇಳಲಾರದವನನ್ನು ಹುಡುಕಿ ತರುವ ಗುತ್ತಿಗೆದಾರನು. ಹೊರರಾಜ್ಯಗಳಿಂದ ಕೂಲಿಕಾರರನ್ನು ಕರೆತರುವವನು ಲೈಸೆನ್ಸು ಪಡೆಯಬೇಕು, ಪ್ರತಿಯೊಬ್ಬನ ಹೆಸರುವಾಸಿಯನ್ನು ಬರೆದಿಡಬೇಕು, ಸ್ಥಳೀಯರಿಗೆ ಕಡಿಮೆಯಿಲ್ಲದ ಕೂಲಿ ಕೊಡಬೇಕು ಎಂದು 1979ರಲ್ಲಿಯೇ ಕಾನೂನಾಯಿತು. ಈಗ ಅದು 2020ರ ಕಾರ್ಮಿಕ ಸಂಹಿತೆಯಲ್ಲಿ ಸೇರಿದೆ. ಅದನ್ನು ನೆಟ್ಟಗೆ ನಡೆಸಿದ್ದರೆ ಯಾರು ಎಲ್ಲಿಯವರೆಂಬ ಪ್ರಶ್ನೆಗೆ ಉತ್ತರ ಮೊದಲ ದಿನವೇ ರಿಜಿಸ್ಟರಿನಲ್ಲಿ ಸಿಗುತ್ತಿತ್ತು. ಎರಡು ಪುಟಗಳ ಆ ಮನವಿಪತ್ರದಲ್ಲಿ ಗುತ್ತಿಗೆದಾರನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಕೂಗು ಎಬ್ಬಿಸಿದವರು ತರುಣರು, ಓಡಿದವರು ಕೂಲಿಕಾರರು, ಹದಿನೈದು ದಿನಗಳ ಕೂಲಿಯನ್ನು ಜೇಬಿಗಿಳಿಸಿದವನು ಮೂರನೆಯವನು. ಊರಿನ ಹಿರಿಯರು ಇದನ್ನು ಲೆಕ್ಕ ಹಾಕಿ ನೋಡಬೇಕು.

ಸಹಿ ಮಾಡಲೊಲ್ಲೆವೆಂದು ಸುಮ್ಮನೆ ಕುಳಿತಿಲ್ಲ. ಶ್ರೀಮಠದ ಕಾರ್ಯಾಲಯದಲ್ಲಿ ಬೇರೊಂದು ಮನವಿಯನ್ನು ಬರೆಸಿ ಇಟ್ಟಿದ್ದೇವೆ. ಸಂಶಯವಿದ್ದಲ್ಲಿ ಪೊಲೀಸ್ ಅಧಿಕಾರಿಗಳೇ ಕಾಗದಗಳನ್ನು ಪರಿಶೀಲಿಸಬೇಕು, ಊರವರು ಕೈಹಾಕಬಾರದು. ತಾಲೂಕಿನಲ್ಲಿ ಹೊರಗಿನ ಕೂಲಿಕಾರರನ್ನು ದುಡಿಸುವ ಗುತ್ತಿಗೆದಾರರ ರಿಜಿಸ್ಟರುಗಳನ್ನು ಕಾರ್ಮಿಕ ಇಲಾಖೆ ತನಿಖೆ ಮಾಡಬೇಕು. ಜಕ್ಕಲಿಯ ಕೆಲಸದಲ್ಲಿ ಉಳಿದಿರುವ ಹದಿನೈದು ದಿನಗಳ ಕೂಲಿಯನ್ನು ಇಲಾಖೆಯ ಮುಖಾಂತರ ಅವರಿಗೆ ಮುಟ್ಟಿಸಬೇಕು ಎಂಬುದು ಅದರಲ್ಲಿಯ ಕೇಳಿಕೆ. ಮೊದಲನೆಯ ಸಹಿ ನಮ್ಮದು. ಬರುವ ಅಮಾವಾಸ್ಯೆಯ ದಾಸೋಹದವರೆಗೆ ಕಾಗದ ಅಲ್ಲಿಯೇ ಇರುತ್ತದೆ. ಅನಂತರ ರೋಣದ ತಹಶೀಲ್ದಾರರಿಗೆ ಕಳುಹಿಸಲಾಗುವುದು. ಕೂಲಿಕಾರರ ಮೇಸ್ತ್ರಿಯ ವಿಳಾಸವಾಗಲಿ ಫೋನು ಸಂಖ್ಯೆಯಾಗಲಿ ಯಾರ ಬಳಿಯಾದರೂ ಇದ್ದರೆ ಕಾರ್ಯಾಲಯದಲ್ಲಿ ಬರೆಸಬೇಕು.